ಕಳವಿನವರ ಅಡ್ಡಹೆಸರು

ನನ್ನನ್ನು ಈ ಊರಿಗೆ ಕೊಡುವಾಗ ನಮ್ಮಪ್ಪ ಅಡ್ಡಹೆಸರನ್ನು ತಪ್ಪು ತಿಳಿದುಕೊಂಡಿದ್ದ. ಹುಡುಗನ ಮನೆತನ 'ಕಳವಿನ' ಎಂದು ನಡುವೆ ನಿಂತವರು ಹೇಳಿದಾಗ, ಹಿಂದೆ ಯಾವಾಗಲೋ ಕಳವೆ ನೆಲ್ಲು ಬೆಳೆಯುತ್ತಿದ್ದವರಿರಬೇಕು, ಉಣ್ಣಲು ಕೊರತೆಯಿಲ್ಲದ ಮನೆ ಎಂದುಕೊಂಡ. ನಮ್ಮದು ಹುಣಸೀಮರದ. ನಮ್ಮ ಕಡೆ ಅಡ್ಡಹೆಸರೆಂದರೆ ಅಷ್ಟೇ. ಯಾವ ಕಾಲದಲ್ಲೋ ಹಿತ್ತಲಲ್ಲಿ ಒಂದು ಹುಣಸೀಮರ ಇತ್ತು, ಮರ ಬಿದ್ದುಹೋಯಿತು, ಹೆಸರು ಉಳಿಯಿತು. ಈ ಊರಲ್ಲಿ ಹಾಗಲ್ಲ. ಇಲ್ಲಿ ಹೆಸರು ಮನೆಯೊಳಗೇ ಇರುತ್ತದೆ.

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಎದ್ದು ನಡುಮನೆಗೆ ಬಂದೆ. ನೆಲದ ಮೇಲೆ ಯಾರದೋ ಕನ್ನಡಕ, ಎರಡು ಬೀಗದ ಕೈ, ಒಂಟಿ ಚಪ್ಪಲಿ, ಮಗುವಿನ ಗಿಲಕಿ, ಕೊರಳಿಗೆ ಗೆಜ್ಜೆ ಕಟ್ಟಿದ ಒಂದು ಕುರಿಮರಿ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದ್ದು ಹಾಗೇ ಇತ್ತು. ಕುರಿಮರಿ ಬಂದು ನನ್ನ ಹೊಸ ಸೀರೆಯ ಸೆರಗು ಮೆಲ್ಲತೊಡಗಿತು. ಮಾವ ಬರಮಪ್ಪ ಒಳಗೆ ಬಚ್ಚಲ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು.

"ಮಾವಾರ, ಇವೆಲ್ಲಾ ಯಾರವು?" ಎಂದು ಕೇಳಿದೆ.

"ಊರವರವು. ನಿನ್ನಿ ಕಳಕೊಂಡಿರತಾರ. ಅಡಿವೆಪ್ಪ ಹೋಗಿ ಕೊಟ್ಟ ಬರತಾನ. ನೀ ಚಹಾಕ್ಕ ಇಡವಾ" ಎಂದರು.

ಬೆಲ್ಲದ ಎಂಬ ಅಡ್ಡಹೆಸರಿನವರ ಗೋಡೆಗಳು ಬೇಸಿಗೆಯಲ್ಲಿ ಅಂಟುತ್ತವೆ, ಇರುವೆ ಕಾಟಕ್ಕೆ ಅವರು ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಾರೆ. ಗಾಳಿಯವರು ಒಣಹಾಕಿದ ಬಟ್ಟೆಯ ಮೇಲೆ ಕಲ್ಲು ಹೇರಿರುತ್ತಾರೆ. ಮೆಣಸಿನಕಾಯಿಯವರ ಮನೆಗೆ ಹೆಣ್ಣು ನೋಡಲು ಹೋದವರು ಕಣ್ಣು ಒರೆಸಿಕೊಳ್ಳುತ್ತಲೇ ಉಪ್ಪಿಟ್ಟು ತಿಂದು ಬರುತ್ತಾರೆ. ಎಲ್ಲರೂ ಅದಕ್ಕೆ ಹೊಂದಿಕೊಂಡಿದ್ದಾರೆ. ಊರಲ್ಲಿ ಏನೇ ಕಳೆದರೂ ಮರುದಿನ ಬೆಳಿಗ್ಗೆ ಅದು ಕಳವಿನವರ ನಡುಮನೆಯಲ್ಲಿ ಇರುತ್ತದೆ ಎಂಬುದಕ್ಕೂ ಹೊಂದಿಕೊಂಡಿದ್ದರು.

ನನ್ನ ಗಂಡ ಅಡಿವೆಪ್ಪ ಮೆತ್ತಗಿನ ಮನುಷ್ಯ. ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಸಾಮಾನು ತುಂಬಿಕೊಂಡು ಓಣಿ ಓಣಿ ತಿರುಗಿ, ಯಾವ ವಸ್ತು ಯಾರದೆಂದು ಕೇಳಿ ಕೇಳಿ ಕೊಟ್ಟು ಬರುತ್ತಿದ್ದರು. ಆಮೇಲೆ ತಮ್ಮ ಕೆಲಸ, ಕೌದಿ ಹೊಲಿಯುವುದು. ಆ ಮೊದಲ ದಿನ ನಾನೂ ಜೊತೆಗೆ ಹೋದೆ. ಹೋಗಬಾರದಿತ್ತು. ಒಬ್ಬರೂ ಅವರ ಕೈಯಿಂದ ವಸ್ತು ತೆಗೆದುಕೊಳ್ಳಲಿಲ್ಲ. "ಅಲ್ಲೇ ಇಡು" ಎಂದು ಮೆಟ್ಟಿಲು ತೋರಿಸಿದರು. ಇವರು ಇಟ್ಟು ಹಿಂದೆ ಸರಿದ ಮೇಲೆ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕದವನು, "ಗಾಜಿಗೆ ಗೀರು ಬಿದ್ದೈತೆಲ್ಲೋ" ಎಂದ. ಕುರಿಮರಿಯ ಯಜಮಾನತಿ, "ರಾತ್ರಿ ಹಾಲು ಹಿಂಡಿಕೊಂಡಿಲ್ಲಲ್ಲ?" ಎಂದಳು. ಮರಿಯ ಹಾಲನ್ನು ಯಾರಾದರೂ ಹಿಂಡುತ್ತಾರೆಯೇ? ಇವರು ನಕ್ಕು ಮುಂದಿನ ಮನೆಗೆ ನಡೆದರು.

"ನೀವು ಯಾಕ ಏನೂ ಅನ್ನೂದಿಲ್ಲ?" ಎಂದು ದಾರಿಯಲ್ಲಿ ಕೇಳಿದೆ.

"ಏನ ಅನ್ನಲಿ? ನಮ್ಮ ಮುತ್ತಜ್ಜ ಕಾಳಪ್ಪ ಊರ ಕೊಳಗ ಕದ್ದಿದ್ದನಂತ. ಕದ್ದವರ ಮನಿ ನಮ್ಮದು. ಸುಮ್ಮನ ಕೊಟ್ಟ ಬರೂದು."

ಕೊಳಗವೆಂದರೆ ಕಾಳು ಅಳೆಯುವ ಹಿತ್ತಾಳೆಯ ಪಾತ್ರೆ, ಇಡೀ ಊರಿಗೆ ಒಂದೇ. ಮಾವನೂ ಇದನ್ನೇ ಹೇಳಿದರು, ತಲೆ ತಗ್ಗಿಸಿಕೊಂಡು. ತಾವು ಹುಟ್ಟುವುದಕ್ಕೂ ಮೊದಲು ನಡೆದ ಕಳವಿಗೆ ಎಪ್ಪತ್ತು ವರ್ಷ ತಲೆ ತಗ್ಗಿಸಿದ್ದ ಮನುಷ್ಯ ಅವರು. ಇದು ಯಾವ ನ್ಯಾಯ ಎಂದು ಕೇಳಬೇಕೆನಿಸುತ್ತಿತ್ತು. ಆದರೆ ಸೊಸೆಯಾಗಿ ಬಂದವಳು, ಬಾಯಿ ಮುಚ್ಚಿಕೊಂಡೆ. ಇಪ್ಪತ್ತೆರಡು ವರ್ಷ ಮುಚ್ಚಿಕೊಂಡೆ.

ಬಾಯಿ ತೆರೆಸಿದ್ದು ಮಗಳು ಕಸ್ತೂರಿಯ ವಿಷಯ. ಅವಳು ಹೊರಗಿನ ಪಟ್ಟಣದಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿ, ತರಗತಿಗೆ ಮೊದಲನೆಯವಳಾಗಿ ಬಂದಳು. ಊರ ಕನ್ಯಾಶಾಲೆಯಲ್ಲಿ ಜಾಗ ಖಾಲಿ ಇತ್ತು. ಅರ್ಜಿ ಹಾಕಿದವಳು ಅವಳೊಬ್ಬಳೇ. ಹಿರಿಯರ ಸಭೆ ಸೇರಿತು, ನಾನೂ ಕಸ್ತೂರಿಯೂ ಹೋದೆವು. ಸಭೆಯ ಹಿರಿಯ ಸಂಗನಗೌಡ ನ್ಯಾಯದ. ಅವರ ಮನೆತನದ ಹೆಸರೇ ನ್ಯಾಯದ. ಅವರು ಕಟ್ಟೆಯ ಮೇಲೆ ಕೂತು ಮಾತಾಡಿದರೆ ಕೇಳುವವರ ತಲೆ ತಾನಾಗಿಯೇ ಹೌದು ಹೌದೆಂದು ಆಡುತ್ತದೆ. ಮನಸ್ಸು ಒಪ್ಪಲಿ ಬಿಡಲಿ, ಕುತ್ತಿಗೆ ಒಪ್ಪುತ್ತದೆ.

ಸಂಗನಗೌಡರು ಅರ್ಜಿ ನೋಡಿ, ಬಹಳ ಮೃದುವಾಗಿ ಹೇಳಿದರು: "ಹುಡುಗಿ ಶಾಣೇಕಿ ಅದಾಳ, ಇಲ್ಲನ್ನೂದಿಲ್ಲ. ಆದರ ಕಳವಿನ ಟೀಚರ್ ಅಂತ ಹುಡುಗ್ಯಾರು ಕರೀಬೇಕಲ್ಲ. ಕೂಸುಗಳ ಬಾಯಾಗ ದಿನಾ ಆ ಶಬ್ದ ಬರೂದು ಚಲೋ ಅಲ್ಲ. ನಾವು ಆಕಿ ಮ್ಯಾಲಿನ ಸಿಟ್ಟಿಗೆ ಹೇಳಾಕ ಹತ್ತಿಲ್ಲ, ಮಕ್ಕಳ ಹಿತಕ್ಕ ಹೇಳಾಕ ಹತ್ತೇವಿ."

ಸಭೆಯ ತಲೆಗಳೆಲ್ಲ ಆಡಿದವು. ನಾನು ಎರಡೂ ಕೈಯಿಂದ ನನ್ನ ಗದ್ದ ಹಿಡಿದುಕೊಂಡೆ, ಆದರೂ ಅದು ಜಗ್ಗಿತು. ಪಕ್ಕದಲ್ಲಿ ನೋಡಿದರೆ ಕಸ್ತೂರಿಯ ತಲೆ ಆಡುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿದೆ, ತನಗೆ ಕೆಲಸ ಕೊಡಬಾರದೆಂಬ ಮಾತಿಗೆ ನನ್ನ ಮಗಳ ತಲೆ ಹೌದು ಹೌದು ಎನ್ನುತ್ತಿದೆ.

ಮರುದಿನ ಮಧ್ಯಾಹ್ನ ಚಾವಡಿಗೆ ಹೋದೆ. ಊರಿನ ಹೆಸರುಗಳ ಹಳೆಯ ವಹಿ ಅಲ್ಲಿರುತ್ತದೆ. ಅದನ್ನು ನೋಡಿಕೊಳ್ಳುವವರು ಗುರುಲಿಂಗಯ್ಯ ದಫ್ತರದ. ತೋಳು ಎತ್ತಿದರೆ ಕಾಗದದ ಪುಡಿ ಉದುರುವ ಮುದುಕ. ಯಾರಾದರೂ ಹುಟ್ಟಿದಾಗ, ಮದುವೆಯಾಗಿ ಬಂದಾಗ ಕೊನೆಯ ಪುಟಕ್ಕೆ ಒಂದು ಸಾಲು ಸೇರಿಸುವುದು ಬಿಟ್ಟರೆ ಆ ವಹಿಯನ್ನು ಯಾರೂ ಹಿಂದಕ್ಕೆ ತಿರುಗಿಸಿದ್ದಿಲ್ಲ.

"ಕಾಳಪ್ಪನ ಪುಟ ತೆಗೀರಿ" ಎಂದೆ.

"ಯಾಕವಾ ಬೇಕು? ಹಳೇ ಹೊಲಸು ಕೆದರಬಾರದು."

"ಹೊಲಸು ನಮ್ಮ ತಲಿ ಮ್ಯಾಲ ಐತ್ರಿ ಅಜ್ಜಾರ. ಯಾರು ಸುರುವಿದ್ದು ನೋಡಬೇಕಲ್ಲ."

ಅವರು ಎದ್ದು ಬಾಗಿಲು ಓರೆ ಮಾಡಿ ವಹಿ ತೆಗೆದರು. ಹಳೆಯ ಕಾಲದ ಮೋಡಿ ಲಿಪಿ ನನಗೆ ಬಾರದು, ಅವರೇ ಬೆರಳಿಟ್ಟು ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು.

ಅಲ್ಲಿ ಬರೆದದ್ದು ಇಷ್ಟು: ಊರ ಕೊಳಗ ಮೂರು ತಿಂಗಳಿಂದ ಕಾಣೆಯಾಗಿತ್ತು. ಹೊಂಡದ ಹೂಳು ತೆಗೆಯುವಾಗ ಸಿಕ್ಕಿತೆಂದು ಕಾಳಪ್ಪ ತಾನೇ ಅದನ್ನು ತಂದು ಸಭೆಗೆ ಒಪ್ಪಿಸಿದ. ಕದಿಯದವನಿಗೆ ಅದು ಇರುವ ಜಾಗ ಹೇಗೆ ತಿಳಿಯಿತು ಎಂದು ಊರ ಗೌಡರು ಕೇಳಿದರು. ಹೂಳು ತೆಗೆಯಲು ತಾವೇ ಕಳಿಸಿದ್ದಿರಲ್ಲ ಎಂದು ಕಾಳಪ್ಪ ಹೇಳಿದ. ಹಿರಿಯರಿಗೆ ಎದುರು ಮಾತಾಡಿದ್ದು ಅಪರಾಧವೆಂದು ತೀರ್ಮಾನವಾಯಿತು. ಇಂದಿನಿಂದ ಇವನ ಮನೆತನ ಕಳವಿನ. ವಸ್ತು ಮರಳಿ ಸಿಗುವಂತೆ ಮಾಡಿದ ಗೌಡರ ಮನೆತನ ಇಂದಿನಿಂದ ನ್ಯಾಯದ.

ಒಂದೇ ದಿನ, ಒಂದೇ ಪುಟ, ಒಂದೇ ಮಸಿ. ತಂದುಕೊಟ್ಟವನು ಕಳ್ಳನಾದ, ಕೂತು ಕೇಳಿದವನು ನ್ಯಾಯವಂತನಾದ. ಯಾರೂ ಮುಚ್ಚಿಟ್ಟಿರಲಿಲ್ಲ. ನೂರು ವರ್ಷದಿಂದ ಅದು ಅಲ್ಲೇ ಇತ್ತು, ಯಾರಾದರೂ ಬಂದು ನಾಲ್ಕು ಸಾಲು ಓದಿದ್ದರೆ ಸಾಕಿತ್ತು. ಅದೇ ನನಗೆ ತಡೆಯಲಾರದ ಸಿಟ್ಟು ತಂದದ್ದು.

ಮನೆಗೆ ಬಂದು ಮಾವನಿಗೂ ಇವರಿಗೂ ಹೇಳಿದೆ. ಮಾವ, "ಅಂದ್ರ ನಮ್ಮಜ್ಜ ಕದ್ದಿಲ್ಲ?" ಎಂದು ಮಗುವಿನಂತೆ ಕೇಳಿದರು. "ಇಲ್ರೀ ಮಾವಾರ" ಎಂದೆ. ಮತ್ತೆ ಅದನ್ನೇ ಕೇಳಿದರು. ಮತ್ತೆ ಅದನ್ನೇ ಹೇಳಿದೆ.

"ನಾಳಿಂದ ಬುಟ್ಟಿ ಹೊರಗ ಹೋಗೂದಿಲ್ಲ" ಎಂದು ಇವರಿಗೆ ಹೇಳಿದೆ. "ಕಳಕೊಂಡವರು ನಮ್ಮ ಬಾಗಿಲಿಗೆ ಬಂದು ಕೇಳಲಿ. ಕೈಯಾಗ ಕೊಡತೇವಿ, ಕೈಯಾಗ ತಗೊಳ್ಳಲಿ."

"ಅವರ ವಸ್ತು ಅವರಿಗೆ ಮುಟ್ಟಸೂದು ನಮ್ಮ ಧರ್ಮ ಅಲ್ಲೇನ?" ಎಂದರು ಇವರು.

"ಧರ್ಮ ಆಗಿದ್ರ ನಿಮ್ಮ ಕೈ ಮುಟ್ಟಾಕ ಅವರಿಗೆ ಹೇಸಿಗಿ ಯಾಕ?"

ಬುಟ್ಟಿಯನ್ನು ಗೂಟಕ್ಕೆ ನೇತುಹಾಕಿದೆವು.

ಒಂದು ವಾರದಲ್ಲಿ ನಡುಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಛತ್ರಿಗಳು, ಸೈಕಲ್ ಪಂಪು, ಪರೀಕ್ಷೆಯ ಹಾಲ್ ಟಿಕೇಟು, ಒಂದು ಕೋಳಿ, ಮೂಗುಬಟ್ಟು. ಊರವರು ಬಾಗಿಲ ಮುಂದೆ ಹಾದುಹೋಗುತ್ತಿದ್ದರು, ಒಳಗೆ ಇಣುಕುತ್ತಿದ್ದರು, ಕೇಳುತ್ತಿರಲಿಲ್ಲ. ಹಾಲ್ ಟಿಕೇಟಿನ ಹುಡುಗಿ ಮಾತ್ರ ಓಡಿಬಂದು, "ಅಕ್ಕಾ, ನನ್ನದು ಐತೇನ್ರಿ?" ಎಂದಳು. ಕೈಯಲ್ಲಿ ಕೊಟ್ಟೆ, ಕೈಯಲ್ಲಿ ತೆಗೆದುಕೊಂಡಳು. ಅಷ್ಟೇ ಕಷ್ಟ ಆ ಕೆಲಸ.

ಒಂಬತ್ತನೆಯ ದಿನ ಬೆಳಿಗ್ಗೆ ಸಾಮಾನಿನ ನಡುವೆ ಒಂದು ಹಲ್ಲಿನ ಸೆಟ್ಟು ಕಂಡಿತು. ಯಾರದೆಂದು ಹತ್ತು ಗಂಟೆಗೆ ಗೊತ್ತಾಯಿತು. ಸಂಗನಗೌಡರ ಆಳು ಬಂದು ಅಂಗಳದಲ್ಲಿ ನಿಂತು, "ಗೌಡ್ರ ಹಲ್ಲು ಕೊಡಬೇಕಂತ" ಎಂದ.

"ಗೌಡ್ರು ಬಂದು ಕೇಳಬೇಕಂತ ಹೇಳು."

ಕಳವಿನವರ ಹೊಸ್ತಿಲಿಗೆ ನ್ಯಾಯದವರು ಬರುವುದುಂಟೇ? ಬರಲಿಲ್ಲ. ಬದಲಿಗೆ ಸಭೆ ಕರೆಸಿದರು. ಊರವರ ಸಾಮಾನು ಹಿಡಿದಿಟ್ಟುಕೊಂಡ ತಪ್ಪಿಗೆ ನಮ್ಮನ್ನು ಊರಿಂದ ಹೊರಗೆ ಹಾಕುವ ವಿಚಾರ. ನಾನು ಎಲ್ಲ ಸಾಮಾನನ್ನೂ ನಾಲ್ಕು ಬುಟ್ಟಿಗಳಲ್ಲಿ ತುಂಬಿಸಿ, ಹಲ್ಲಿನ ಸೆಟ್ಟನ್ನು ತೊಳೆದು ಬಿಳಿ ಅರಿವೆಯಲ್ಲಿ ಸುತ್ತಿ ಮೇಲಿಟ್ಟು, ಗಂಡ, ಮಾವ, ಮಗಳು ಎಲ್ಲರನ್ನೂ ಕರೆದುಕೊಂಡು ಹೋದೆ. ದಾರಿಯಲ್ಲಿ ಗುರುಲಿಂಗಯ್ಯನವರಿಗೆ ವಹಿ ತರಬೇಕೆಂದು ಹೇಳಿದೆ. ತರುವರೆಂಬ ನಂಬಿಕೆ ಇರಲಿಲ್ಲ. ಕಂಕುಳಲ್ಲಿ ಅವುಚಿಕೊಂಡು ತಂದರು.

ಸಂಗನಗೌಡರು ಎದ್ದು ಮಾತು ಶುರು ಮಾಡಿದರು. ಬೊಚ್ಚು ಬಾಯಿಂದ ಗಾಳಿಯೇ ಹೆಚ್ಚು ಬಂತು. ಊರು ಅನ್ನುವುದು ಹೂರು ಆಯಿತು, ಶಿಕ್ಷೆ ಅನ್ನುವುದು ಏನೂ ಆಗಲಿಲ್ಲ. ಸಭೆಯ ತಲೆಗಳು ಸುಮ್ಮನಿದ್ದವು. ಒಂದೂ ಆಡಲಿಲ್ಲ. ಜನ ತಮ್ಮ ಕುತ್ತಿಗೆ ತಾವೇ ಮುಟ್ಟಿ ನೋಡಿಕೊಂಡರು. ಇನ್ನು ತಾವೇ ವಿಚಾರ ಮಾಡಬೇಕೆಂದು ತಿಳಿದಾಗ ಅವರ ಮುಖದ ಮೇಲೆ ಬಂದ ಗಾಬರಿ ನೋಡುವಂತಿತ್ತು.

"ಓದ್ರಿ ಅಜ್ಜಾರ" ಎಂದೆ. ಗುರುಲಿಂಗಯ್ಯ ಓದಿದರು. ಎರಡು ಸಲ ಓದಿಸಿದೆ.

ಹಿಂದಿನ ಸಾಲಿನಿಂದ ಪಾರವ್ವ ಮೆಣಸಿನಕಾಯಿ ಎದ್ದಳು. ಅವಳ ಮಗ ನಾಲ್ಕು ವರ್ಷದವನಿದ್ದಾಗ ತೀರಿಕೊಂಡಿದ್ದ. ಅವನ ಕಾಲ್ಗೆಜ್ಜೆಯನ್ನು ಅವಳು ಯಾವಾಗಲೂ ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಾಳೆ.

"ಈ ಗೆಜ್ಜಿ ಮೂರು ಸಲ ಕಳಕೊಂಡೇನಿ" ಎಂದಳು. "ಮೂರೂ ಸಲ ಅಡಿವೆಪ್ಪ ತಂದುಕೊಟ್ಟಾನ. ಒಂದು ಸಲ ಉರಿಬಿಸಲಾಗ ಬಂದಿದ್ದ. ನೀರು ಕುಡೀತೀಯೇನಪಾ ಅಂತ ನಾ ಕೇಳಲಿಲ್ಲ. ಮೆಟ್ಟಿಲ ಮ್ಯಾಲ ಇಟ್ಟು ಹೋಗು ಅಂದೆ." ಅಷ್ಟು ಹೇಳಿ ಕೂತಳು. ಅವಳ ಕಣ್ಣು ಸದಾ ಒದ್ದೆಯೇ ಇರುವುದರಿಂದ ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಅಲ್ಲಿಂದ ಮಾತು ತಿರುಗಿತು. ಹೌದು, ತಪ್ಪಾಗಿದೆ, ಹೆಸರು ಬದಲಿಸೋಣ ಎಂದು ಒಬ್ಬೊಬ್ಬರೇ ಎಂದರು. ಕೆಲವರು ಬಂದು ಇವರ ಕೈ ಹಿಡಿದರು. ಗುರುಲಿಂಗಯ್ಯ ಪೆನ್ನಿನ ಮುಚ್ಚಳ ತೆಗೆದು, "ಏನಂತ ಬರೀಲಿ?" ಎಂದರು.

"ನಮ್ಮದು ಆಮ್ಯಾಲ ಬರೀರಿ" ಎಂದೆ. "ಮೊದಲ ಆ ಹೆಸರು ಹೊಡದ ಹಾಕ್ರಿ. ನ್ಯಾಯದ ಅನ್ನೂದು. ಅದೂ ಅದ ಪುಟದಾಗ ಐತಿ. ನಮ್ಮದು ಸುಳ್ಳಾದ ಮ್ಯಾಲ ಅವರದು ಹ್ಯಾಂಗ ಖರೇ ಆಕ್ಕೈತಿ?"

ಇಷ್ಟು ಹೊತ್ತು ಮರುಗುತ್ತಿದ್ದ ಮುಖಗಳೆಲ್ಲ ನೆಲ ನೋಡಿದವು. ಬಡವನಿಗೆ ಒಂದು ಒಳ್ಳೆಯ ಹೆಸರು ಕೊಡುವುದು ಅವರಿಗೆ ಖುಷಿಯ ಕೆಲಸ. ದೊಡ್ಡವನಿಂದ ಒಂದು ಒಳ್ಳೆಯ ಹೆಸರು ಕಿತ್ತುಕೊಳ್ಳುವುದು ಬೇರೆ ಮಾತು. "ಅಷ್ಟು ಎಳೀಬ್ಯಾಡವಾ", "ನಿಮ್ಮದು ಸರಿ ಆತಲ್ಲ, ಅವರದು ಯಾಕ?" ಎಂದು ಅಲ್ಲಲ್ಲಿ ಗುಸುಗುಸು ಎದ್ದಿತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ತೋಳು ಹಿಡಿದರು.

"ನಂಗ ದಿನಾ ಭಾಳ ಉಳಿದಿಲ್ಲವಾ" ಎಂದರು. "ಕಳವಿನ ಅನ್ನಿಸಿಕೊಳ್ಳದನ ಸಾಯತೇನಿ. ಬರಸು."

ಆ ಮುಖ ನೋಡಿ ಸೋತೆ. 'ತಂದುಕೊಟ್ಟವರ' ಎಂದು ಮಾವನೇ ಹೇಳಿದರು, ಗುರುಲಿಂಗಯ್ಯ ಬರೆದರು. ಇವರು ಅರಿವೆ ಬಿಚ್ಚಿ ಹಲ್ಲಿನ ಸೆಟ್ಟನ್ನು ಸಂಗನಗೌಡರ ಅಂಗೈಯಲ್ಲಿ ಇಟ್ಟರು. ಗೌಡರು ಆಚೆ ತಿರುಗಿ ಹಲ್ಲು ಕೂಡಿಸಿಕೊಂಡು, ಈಚೆ ತಿರುಗಿ, ಮೊದಲಿನ ಆ ಮೃದು ದನಿಯಲ್ಲಿ ಹೇಳಿದರು: "ಈ ಮನಿತನಕ್ಕ ಆದ ಅನ್ಯಾಯ ನಾವು ಇವತ್ತ ಸರಿಪಡಿಸೇವಿ. ನಮ್ಮ ಮನಿತನ ಯಾವಾಗಲೂ ಅದನ್ನ ಮಾಡಿಕೊಂತ ಬಂದೈತಿ."

ಊರಿನ ತಲೆಗಳೆಲ್ಲ ಆಡಿದವು. ಪಾರವ್ವನದೂ. ನನ್ನದೂ.

ಕಸ್ತೂರಿಗೆ ಕೆಲಸ ಸಿಕ್ಕಿತು. ಮರುದಿನದಿಂದ ನಮ್ಮ ನಡುಮನೆ ಬೆಳಿಗ್ಗೆ ಖಾಲಿ ಇರತೊಡಗಿತು. ಊರಲ್ಲಿ ಕಳೆದದ್ದು ಈಗ ಬೇರೆ ಊರುಗಳಲ್ಲಿ ಆಗುವಂತೆ ಕಳೆದೇ ಹೋಗುತ್ತದೆ. ಎರಡು ತಿಂಗಳ ಮೇಲೆ ಪಾರವ್ವ ಬಂದು ಹೊಸ್ತಿಲ ಮೇಲೆ ಕೂತಳು. ಸೆರಗಿನ ತುದಿ ಬಿಚ್ಚಿಹೋಗಿತ್ತು, ಗೆಜ್ಜೆ ಇರಲಿಲ್ಲ. ಒಳಗೆ ಕರೆದು ಎಲ್ಲ ಮೂಲೆ ತೋರಿಸಿದೆ. ಇವರು ನಾಲ್ಕು ದಿನ ಕೌದಿ ಬಿಟ್ಟು ಚರಂಡಿ, ಕಸದ ತೊಟ್ಟಿ, ಹೊಂಡದ ದಂಡೆ ಎಲ್ಲ ಹುಡುಕಿದರು. ಸಿಗಲಿಲ್ಲ. ಅವಳು ನಮ್ಮನ್ನು ಏನೂ ಅನ್ನಲಿಲ್ಲ. ಆದರೆ ಬೇರೆಯವರು ಅಂದರು. ಇದ್ದ ಒಂದು ಉಪಕಾರವನ್ನೂ ಈ ಹೆಂಗಸು ಹಾಳುಮಾಡಿದಳು ಎಂದರು. ಉಪಕಾರ ಎಂಬ ಶಬ್ದ ಅವರಿಗೆ ಆಗ ನೆನಪಾಯಿತು.

ಆ ವರ್ಷದ ಕಾರ್ತಿಕದಲ್ಲಿ ಮಾವ ತೀರಿಕೊಂಡರು, ಮುಂಜಾನೆ ಬಿಸಿಲಿಗೆ ಕಟ್ಟೆಯ ಮೇಲೆ ಕೂತಲ್ಲೇ. ಡಂಗುರದ ನಿಂಗಪ್ಪನಿಗೆ ಹೇಳಿಕಳಿಸಿದೆವು. ಅವನು ಹಲಗೆ ಬಾರಿಸುತ್ತ ನಮ್ಮ ಓಣಿಯಿಂದ ಹೊರಟ. "ಬರಮಪ್ಪ ತಂದುಕೊಟ್ಟವರ ತೀರಿಕೊಂಡಾರ, ಇವತ್ತ ನಾಕಕ್ಕ ಮಣ್ಣು" ಎಂದು ಕೂಗಿದ. ಬಾಗಿಲಲ್ಲಿ ನಿಂತ ನನಗೆ ಮುಂದಿನ ತಿರುವಿನಿಂದ ಯಾರದೋ ದನಿ ಕೇಳಿಸಿತು.

"ಅವರು ಯಾರಪಾ?"

"ಅದ, ಕಳವಿನ ಬರಮಪ್ಪ" ಎಂದ ನಿಂಗಪ್ಪ.

"ಹಾಂಗನ್ನು ಮತ್ತ. ಗೊತ್ತಾತು."

ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಅಲ್ಲೇ ಇಟ್ಟು ಹೊರಗೆ ನಡೆದೆ. ಹೆಣದ ಮುಂದೆ ಕೂರಬೇಕಾದ ಸೊಸೆ ಎಲ್ಲಿಗೆ ಹೊರಟಳು ಎಂದು ಹೆಂಗಸರು ಕೂಗಿದರು. ಇವರು ಮಾತ್ರ, "ಹೋಗಲಿ ಬಿಡ್ರಿ" ಎಂದರು. ನಿಂಗಪ್ಪನನ್ನು ಹಿಡಿದೆ. ಅವನ ಹಿಂದೆ ಹಿಂದೆ ನಡೆದೆ. ಯಾರು ಎಂದು ಯಾರು ಕೇಳಿದರೂ ಅವನಿಗಿಂತ ಮೊದಲು ನಾನೇ ಉತ್ತರ ಕೊಟ್ಟೆ, ಕೊಳಗದಿಂದ ಹಿಡಿದು ಪೂರ್ತಿಯಾಗಿ. ಬೆಲ್ಲದವರ ಓಣಿಯಲ್ಲಿ ಹೇಳಿದೆ, ಗಾಳಿಯವರ ಓಣಿಯಲ್ಲಿ ಸೆರಗು ಬಿಗಿದುಕೊಂಡು ಹೇಳಿದೆ. ಗಂಟಲು ಒಣಗಿ ಹೋಯಿತು. ಒಂಬತ್ತು ಓಣಿ ಆದವು. ಕೊನೆಯದು ಗೌಡರ ಓಣಿ. ಅಲ್ಲಿ ನಿಂಗಪ್ಪ ಹಲಗೆಯನ್ನು ಮೆಲ್ಲಗೆ ಬೆರಳಿಂದ ತಟ್ಟಿ, ದನಿ ತಗ್ಗಿಸಿ ಏನೋ ಗೊಣಗಿದ.

"ಕೊಡಪಾ ಇಲ್ಲಿ" ಎಂದೆ.

"ಅಕ್ಕಾ, ಹೆಣಮಕ್ಕಳು ಇದನ್ನ..."

"ಕೊಡು."

ಕೊಟ್ಟ. ಹಲಗೆ ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಕೋಲು ಎತ್ತಿ ನನ್ನ ಶಕ್ತಿಯೆಲ್ಲ ಸೇರಿಸಿ ಬಾರಿಸಿದೆ. ಎರಡೂ ಬದಿಯ ಬಾಗಿಲುಗಳು ತೆರೆದವು. ಗೌಡರ ಮಾಳಿಗೆಯ ಕಿಟಕಿಯಲ್ಲಿ ಬಿಳಿಯ ರುಮಾಲು ಸುತ್ತಿದ ತಲೆ ಕಾಣಿಸಿತು.

"ಬರಮಪ್ಪ ತಂದುಕೊಟ್ಟವರ ಸತ್ತಾರ" ಎಂದು ಆ ಕಿಟಕಿಗೆ ಮುಖ ಮಾಡಿ ಕೂಗಿದೆ. "ಕೊಳಗ ಕದ್ದವನ ಮೊಮ್ಮಗ ಅಲ್ಲ. ಕೊಳಗ ತಂದುಕೊಟ್ಟವನ ಮೊಮ್ಮಗ. ತಂದುಕೊಟ್ಟವನನ್ನ ಕಳ್ಳ ಅಂದವರು ಈ ಮನಿಯವರು. ನಾಕಕ್ಕ ಮಣ್ಣು. ಬರಾವರು ಬರ್ರಿ."

ಕಿಟಕಿಯ ಒಂದು ಕದ ಮುಚ್ಚಿತು. ಇನ್ನೊಂದು ಮುಚ್ಚುವ ಮೊದಲೇ ನಾನು ಮತ್ತೆ ಕೋಲು ಎತ್ತಿದ್ದೆ.